ದೊಪ್ಪಕ್ಕನ ಇನ್ನೂರ ಹದಿನಾರು ಸಾವು

ಅವಳಿಗೆ ದೊಪ್ಪಕ್ಕ ಅಂತ ಹೆಸರು ಬಿದ್ದದ್ದು ಹತ್ತೊಂಬತ್ತನೇ ವಯಸ್ಸಿನಲ್ಲಿ. ಸಿನಿಮಾದಲ್ಲಿ ನಾಯಕಿಯ ಬದಲಿಗೆ ಗೋಡೆಯಿಂದ ಹಾರುವ ಕೆಲಸ. ಹಾರಿದಳು, ಕೆಳಗೆ ಜೋಡಿಸಿದ್ದ ರಟ್ಟಿನ ಡಬ್ಬಗಳ ಮೇಲೆ ಬಿದ್ದಳು. ಧ್ವನಿ ಹಿಡಿಯುತ್ತಿದ್ದ ಮುದುಕ ಕಿವಿಯಿಂದ ಹೆಡ್‌ಫೋನ್ ಕಿತ್ತು, "ಏನಮ್ಮಾ ಇದು, ದೊಪ್ಪಂತ ಬಿದ್ದೆಯಲ್ಲ!" ಅಂದ. ಅವತ್ತಿನಿಂದ ಅವಳಿಗಿಂತ ಹಿರಿಯರೂ ದೊಪ್ಪಕ್ಕ ಅಂತಲೇ ಕರೆದರು. ಅತ್ತೆಗೆ ಮಾತ್ರ ಅವಳು "ಹುಡುಗಿ", ನಲವತ್ತನಾಲ್ಕು ದಾಟಿದ ಮೇಲೂ.

ಇಪ್ಪತ್ತೈದು ವರ್ಷ ಅವಳು ಬಿದ್ದಳು. ಮೆಟ್ಟಿಲಿಂದ ಉರುಳಿದಳು, ಓಡುವ ಬೈಕಿನಿಂದ ಜಾರಿದಳು, ಕುದುರೆಯಿಂದ ಕೆಳಗೆ ಬಂದಳು. ಅವಳ ಗಂಡ ಲಿಫ್ಟ್ ರಿಪೇರಿ ಮಾಡುವವನು. "ಬೀಳದ ಹಾಗೆ ನೋಡ್ಕೊಳ್ಳೋದು ನನ್ನ ಕೆಲಸ, ಬೀಳೋದು ಇವಳ ಕೆಲಸ. ಅದಕ್ಕೇ ಸಂಸಾರ ಸಮವಾಗಿ ನಡೀತಿದೆ" ಅಂತ ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದ. ಊರ ಲಿಫ್ಟೆಲ್ಲ ರಿಪೇರಿ ಮಾಡುವವನ ಕಟ್ಟಡಕ್ಕೆ ಲಿಫ್ಟೇ ಇರಲಿಲ್ಲ. ಮನೆ ನಾಲ್ಕನೇ ಮಹಡಿಯಲ್ಲಿ.

ನಲವತ್ತರ ಮೇಲೆ ಸಿನಿಮಾದವರು ಕರೆಯುವುದು ಕಡಿಮೆಯಾಯಿತು. ಇಪ್ಪತ್ತರ ನಾಯಕಿಗೆ ನಲವತ್ತರ ಸೊಂಟ ಹೊಂದುವುದಿಲ್ಲ. ಆ ಹೊತ್ತಿಗೆ ಒಂದು ವಿಡಿಯೋ ಗೇಮ್ ಸ್ಟುಡಿಯೋದಿಂದ ಕರೆ ಬಂತು. ಅಲ್ಲಿ ಮುಖ ಬೇಡ, ವಯಸ್ಸು ಬೇಡ, ಬರೀ ಮೈ ಸಾಕು ಅಂದರು.

ಹಿಂದೆ ಪೀಠೋಪಕರಣಗಳ ಗೋದಾಮಾಗಿದ್ದ ದೊಡ್ಡ ಹಾಲ್ ಅದು. ಸುತ್ತಲೂ ಕ್ಯಾಮೆರಾಗಳು, ನೆಲಕ್ಕೆ ಬೂದುಬಣ್ಣದ ಚಾಪೆ. ಮೈಗೆ ಅಂಟಿಕೊಳ್ಳುವ ಕರಿ ಬಟ್ಟೆ ತೊಡಿಸಿ, ಕೀಲುಕೀಲಿಗೂ ಗೋಲಿಯಷ್ಟು ಬಿಳಿ ಗುಂಡು ಅಂಟಿಸುತ್ತಿದ್ದರು. ಕ್ಯಾಮೆರಾ ನೋಡುವುದು ಆ ಗುಂಡುಗಳನ್ನು ಮಾತ್ರ. ಅವಳು ಬಿದ್ದರೆ ಕಂಪ್ಯೂಟರಿನೊಳಗೆ ಒಬ್ಬ ಸೈನಿಕ ಬೀಳುತ್ತಿದ್ದ. ಪ್ರತಿ ಸಲ ಶುರುವಿಗೆ ಮುಂಚೆ ಎರಡೂ ಕೈ ಹೆಗಲ ಎತ್ತರಕ್ಕೆ ಚಾಚಿ, ಬೆದರುಬೊಂಬೆಯ ಹಾಗೆ ನಿಲ್ಲಬೇಕು. ಯಾವ ಗುಂಡು ಎಲ್ಲಿದೆ ಅಂತ ಯಂತ್ರ ಲೆಕ್ಕ ಹಾಕಿಕೊಳ್ಳಲಿಕ್ಕೆ.

ಆಟ ಇಷ್ಟೇ: ಆಯುಧ ಹಿಡಿದ ಒಬ್ಬ ವೀರ ಸಾವಿರ ಸೈನಿಕರ ನಡುವೆ ನುಗ್ಗಿ ಕೊಚ್ಚಿಕೊಂಡು ಹೋಗುವುದು. ಇಂಥವೇ ಎರಡು ಆಟ ಮೊದಲೇ ಹೆಸರು ಮಾಡಿದ್ದವು, ಎರಡು ಬೇರೆ ಬೇರೆ ಕಂಪನಿಯವು. ಒಂದರಲ್ಲಿ ಕಬ್ಬಿಣದ ನಾಡಿನ ದಳಪತಿ. ಅವನ ಕಡೆ ಸುತ್ತಿಗೆ, ಕೊಡಲಿ, ಗದೆ. ಇನ್ನೊಂದರಲ್ಲಿ ಗಾಳಿಯ ನಾಡಿನ ರಾಣಿ. ಅವಳ ಕಡೆ ಚಾವಟಿ, ಈಟಿ, ಅಲಗಿನ ಬೀಸಣಿಗೆ. ಈಗ ಎರಡು ಮನೆಯವರು ಸಂಬಂಧ ಬೆಳೆಸಿದ ಹಾಗೆ ಇಬ್ಬರನ್ನೂ ಕೂಡಿಸಿ ಒಂದೇ ಆಟ ಮಾಡಹೊರಟಿದ್ದರು. ಆಕಾಶ ಸೀಳಿ ಒಂದು ಲೋಕ ಇನ್ನೊಂದರ ಮೇಲೆ ಬಿದ್ದಿದೆ, ಎರಡು ಸೈನ್ಯ ಒಂದೇ ಬಯಲಿನಲ್ಲಿ ನಿಂತಿವೆ ಅನ್ನುವುದು ಕಥೆ.

ವೀರರಿಬ್ಬರ ಕೈಚಳಕಕ್ಕೆ ಕತ್ತಿವರಸೆಯಲ್ಲಿ ಪದಕ ಗೆದ್ದ ಒಬ್ಬ ಹುಡುಗಿ ಇದ್ದಳು. ಹತ್ತು ದಿನದಲ್ಲಿ ಬೀಸುವುದೆಲ್ಲ ಬೀಸಿ ಹೊರಟುಹೋದಳು. ಬೀಳುವುದೆಲ್ಲ ದೊಪ್ಪಕ್ಕನದು.

ಆಯುಧಗಳ ತೂಕ, ವೇಗ, ಪೆಟ್ಟಿನ ಬಲ ನೋಡಿಕೊಳ್ಳುತ್ತಿದ್ದವನನ್ನು ಎಲ್ಲರೂ ಆಯುಧದವನು ಅನ್ನುತ್ತಿದ್ದರು. ಬೆಣ್ಣೆಯಂಥ ಮನುಷ್ಯ, ಸೊಳ್ಳೆಗೂ ಕೈ ಎತ್ತಿದವನಲ್ಲ. ಮೊದಲ ದಿನ ಅವನು ಅವಳನ್ನು ಕೂರಿಸಿಕೊಂಡು ಹೇಳಿದ:

"ನೋಡಿ ಅಕ್ಕಾ, ಒಟ್ಟು ಹದಿನೆಂಟು ಆಯುಧ. ಆಡುವವನು ಒಂದು ಗುಂಡಿ ಒತ್ತಿದರೆ ಹಗುರದ ಏಟು, ಇನ್ನೊಂದು ಒತ್ತಿದರೆ ಭಾರದ ಏಟು. ಒತ್ತಿ ಹಿಡಿದು ಬಿಟ್ಟರೆ ಕೂಡಿಟ್ಟ ಏಟು. ಹಗುರದ್ದಕ್ಕೆ ತೂರಾಡಿ ಕುಸೀಬೇಕು. ಭಾರದ್ದಕ್ಕೆ ಹಿಂದಕ್ಕೆ ಹಾರಬೇಕು. ಕೂಡಿಟ್ಟ ಏಟಿಗೆ ಮೇಲೆ ಹೋಗಿ ಬೀಳಬೇಕು, ಅದಕ್ಕೆ ಹಗ್ಗ ಕಟ್ತೀವಿ."

"ಐವತ್ತನಾಲ್ಕು" ಅಂದಳು ದೊಪ್ಪಕ್ಕ.

"ತಾಳಿ. ಈ ಆಟದ ಹೊಸತನ ಅಂದರೆ ಕೈಬದಲು. ಹೊಡೆದಾಟದ ನಡುವೆ ದಳಪತಿ ತನ್ನ ಸುತ್ತಿಗೆಯನ್ನ ರಾಣಿ ಕಡೆ ಎಸೆಯಬಹುದು, ರಾಣಿ ಚಾವಟೀನ ಅವನಿಗೆ ಕೊಡಬಹುದು. ರೂಢಿಯಿಲ್ಲದ ಆಯುಧ, ಅದಕ್ಕೆ ಏಟು ಸ್ವಲ್ಪ ತಡವಾಗಿ ಬೀಳುತ್ತೆ. ಆದರೆ ಸರಿಯಾದ ಕ್ಷಣಕ್ಕೆ ಗುಂಡಿ ಒತ್ತಿದರೆ ಬಲ ಎರಡರಷ್ಟು. ಸೈನಿಕ ತಪ್ಪಿಸಿಕೊಂಡೆ ಅಂದುಕೊಂಡಿರ್ತಾನೆ, ಆಗ ಬಡಿಯುತ್ತೆ. ಆ ಬೀಳೋದೇ ಬೇರೆ."

"ನೂರ ಎಂಟು."

"ಆಮೇಲೆ ಕಬ್ಬಿಣದ ಸೈನಿಕರು ಮರದ ಹಾಗೆ ಬೀಳ್ತಾರೆ, ಗಾಳಿಯವರು ಬಟ್ಟೆಯ ಹಾಗೆ." ಅವನು ತಲೆ ತಗ್ಗಿಸಿದ. "ಇನ್ನೂರ ಹದಿನಾರು, ಅಕ್ಕಾ."

ಆರು ವಾರದ ಕೆಲಸ. ದಿನಕ್ಕೆ ಏಳೋ ಎಂಟೋ ಸಾವು, ಒಂದೊಂದನ್ನು ಐದಾರು ಸಲ. ನಿರ್ದೇಶಕ ಕೆಟ್ಟವನಲ್ಲ, ಆದರೆ "ಇನ್ನೊಂದು ಸಲ" ಅನ್ನುವುದು ಅವನಿಗೆ ಉಸಿರಾಟದ ಹಾಗೆ. ಕೊಡಲಿಗೆ ಬಿದ್ದದ್ದು ಗದೆಗೆ ಬಿದ್ದ ಹಾಗೆ ಕಂಡಿತು, ಇನ್ನೊಂದು ಸಲ. ಸತ್ತ ಮೇಲೆ ಕಾಲು ಸರಿಮಾಡಿಕೊಂಡಿರಿ, ಇನ್ನೊಂದು ಸಲ. ಎರಡನೇ ವಾರಕ್ಕೆ ಮೈ ಹಣ್ಣಾಯಿತು. ಮೂರನೇ ವಾರಕ್ಕೆ ಬಲಹೆಗಲು ಮಾತಾಡಲು ಶುರುಮಾಡಿತು. ಬೀಳುವಾಗ ಅಷ್ಟು ನೋವಿಲ್ಲ. ಬೀಳುವ ಮುಂಚೆ ಕೈ ಚಾಚಿ ನಿಲ್ಲುವಾಗ ಕಣ್ಣಲ್ಲಿ ನೀರು ಬರುತ್ತಿತ್ತು.

ಮನೆಯಲ್ಲಿ ಗಂಡ ಗ್ರೀಸಿನ ಕೈ ತೊಳೆದುಕೊಂಡು ಬಂದು ಹೆಗಲಿಗೆ ಎಣ್ಣೆ ತಿಕ್ಕುತ್ತಿದ್ದ. "ಸಾಕು ಬಿಡೇ" ಅಂದ ಒಂದು ದಿನ. "ಇದೇನು ಹತ್ತರ ಜೊತೆ ಹನ್ನೊಂದಾ? ಹೆಗಲು ಹೋದರೆ ಇನ್ನೊಂದು ಹಾಕಿಸಿಕೊಳ್ಳೋಕೆ ಅದೇನು ಲಿಫ್ಟಿನ ರಾಟೆ ಅಲ್ಲ."

"ನೂರ ಐವತ್ತಾಯ್ತು. ಮುಗಿಸಿಬಿಡ್ತೀನಿ."

ಅಡುಗೆಮನೆಯಿಂದ ಅತ್ತೆ ಕೇಳಿದಳು: "ಅಷ್ಟೊಂದು ಜನರನ್ನ ಯಾತಕ್ಕೆ ಸಾಯಿಸ್ತಾರಂತೆ?"

ಆ ಪ್ರಶ್ನೆಗೆ ಕಥೆಗಾರನ ಹತ್ತಿರವೂ ಉತ್ತರ ಇರಲಿಲ್ಲ. ಕಥೆಗಾರ ಅಂದರೆ ಆಟಕ್ಕೆ ಕಥೆ ಬರೆಯುವವನು. ಮೂವತ್ತರ ಆಸುಪಾಸು, ತೆಳ್ಳಗೆ, ಗಡ್ಡ ಬೋಳಿಸಲು ಮರೆತವನು. ಅವನ ಗೋಳೇ ಬೇರೆ. ದಳಪತಿ ಸೋಲಬಾರದು ಅಂತ ಒಂದು ಕಂಪನಿ ಕರಾರಿನಲ್ಲಿ ಬರೆಸಿಕೊಂಡಿತ್ತು. ರಾಣಿ ಸೋಲಬಾರದು ಅಂತ ಇನ್ನೊಂದು. ಇಬ್ಬರೂ ಸೇರಿ ಒಬ್ಬ ರಾಕ್ಷಸನನ್ನು ಕೊಲ್ಲಲಿ ಅಂದರೆ, ಕೊನೆಯ ಏಟು ಯಾರದು ಅಂತ ಮೂರು ತಿಂಗಳು ಕಾಗದ ಓಡಾಡಿತು. ಎತ್ತು ಏರಿಗೆ, ಕೋಣ ನೀರಿಗೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು; ನಡುವೆ ಸಾವಿರ ಸೈನಿಕರು ಮಾತ್ರ ಎಷ್ಟು ಬೇಕಾದರೂ ಸಾಯಬಹುದು. ಊಟದ ಬಿಡುವಿನಲ್ಲಿ ಅವನು ದೊಪ್ಪಕ್ಕನ ಪಕ್ಕ ಕೂತು ಇದನ್ನೆಲ್ಲ ತೋಡಿಕೊಳ್ಳುತ್ತಿದ್ದ. ಅವಳು ಎಡಗೈಯಲ್ಲಿ ಉಣ್ಣುತ್ತಾ ಹೂಂಗುಟ್ಟುತ್ತಿದ್ದಳು.

ಐದನೇ ವಾರದ ಕೊನೆಗೆ, ಸುತ್ತಿಗೆಯ ಕೈಬದಲು, ಕೂಡಿಟ್ಟ ಏಟು. ಹಗ್ಗ ಅವಳನ್ನು ಮೇಲಕ್ಕೆಳೆದು ಬಿಟ್ಟಿತು. ಬಟ್ಟೆಯ ಹಾಗೆ ಬೀಳಬೇಕಾದವಳು ಬಲಹೆಗಲ ಮೇಲೆ ಮೂಟೆಯ ಹಾಗೆ ಬಿದ್ದಳು. ಒಳಗೆ ಏನೋ ಹರಿದ ಹಾಗಾಯಿತು. ನಿರ್ದೇಶಕ, "ಚೆನ್ನಾಗಿ ಬಂತು, ಇದೇ ಇರಲಿ" ಅಂದ. ಅವಳು ಯಾರಿಗೂ ಏನೂ ಹೇಳಲಿಲ್ಲ. ಹೇಳಿದರೆ ಮನೆಗೆ ಕಳಿಸುತ್ತಾರೆ, ಉಳಿದ ಇಪ್ಪತ್ತೆಂಟಕ್ಕೆ ಬೇರೆ ಯಾರನ್ನೋ ತರುತ್ತಾರೆ. ಅದು ಅವಳಿಗೆ ಬೇಡವಾಗಿತ್ತು.

ಮರುದಿನ ಬೀಳುವ ಕೆಲಸ ಇರಲಿಲ್ಲ. "ಇವತ್ತು ನಿಮಗೆ ಆರಾಮ" ಅಂದ ನಿರ್ದೇಶಕ. "ಕೊನೆಯ ದೃಶ್ಯ. ವೀರರಿಬ್ಬರೂ ಎದುರುಬದುರು ನಿಂತಿರ್ತಾರೆ. ಆಮೇಲೆ ಏನು ಅಂತ ಕಥೆಗಾರರಿಗೇ ಗೊತ್ತಿಲ್ಲ. ಸೈನಿಕರು ಸುಮ್ಮನೆ ನಿಂತು ನೋಡ್ತಿರಬೇಕು. ಮೂರು ನಿಮಿಷ ನಿಂತಿರಿ, ಅಷ್ಟೇ."

ಅವಳ ಕೈಗೆ ಈಟಿಯ ಬದಲು ಪ್ಲಾಸ್ಟಿಕ್ ಪೈಪ್ ಕೊಟ್ಟರು. ಕೈ ಚಾಚಿದಳು, ಹಲ್ಲು ಕಚ್ಚಿದಳು, ಯಂತ್ರ ಲೆಕ್ಕ ಹಾಕಿಕೊಂಡಿತು. ಆಮೇಲೆ ನಿಂತಳು. ಬಿದ್ದು ಬಿದ್ದು ರೂಢಿಯಾದ ಮೈಗೆ ನಿಲ್ಲುವುದೇ ಕಷ್ಟವಾಯಿತು. ಒಂದು ನಿಮಿಷವಾಯಿತು. ಎದುರಿಗೆ ಯಾರೂ ಇಲ್ಲ. ವೀರರು ಇರಬೇಕಾದ ಜಾಗದಲ್ಲಿ ಎರಡು ಕುರ್ಚಿ ಇಟ್ಟಿದ್ದರು. ಅವಳು ಆ ಕುರ್ಚಿಗಳನ್ನೇ ನೋಡಿದಳು. ಪೈಪನ್ನು ಊರಿದಳು, ಅದನ್ನು ಹಿಡಿದುಕೊಂಡೇ ಮೆಲ್ಲಗೆ ಕೆಳಗೆ ಕೂತಳು. ಪೈಪನ್ನು ಪಕ್ಕಕ್ಕೆ ಮಲಗಿಸಿ, ಎಡಗೈಯಿಂದ ಹೆಗಲು ಒತ್ತಿಕೊಂಡು, ತಲೆಯೆತ್ತಿ ಮತ್ತೆ ಕುರ್ಚಿಗಳನ್ನು ನೋಡಿದಳು.

"ಯಾರು ಕೂರೋಕೆ ಹೇಳಿದ್ದು?" ನಿರ್ದೇಶಕ ಕೂಗಿದ.

"ಯಾರೂ ಹೇಳಲಿಲ್ಲ ಸಾರ್. ಆಗಲಿಲ್ಲ, ಕೂತೆ."

"ಅಳಿಸಿ ಅದನ್ನ. ಇನ್ನೊಂದು ಸಲ."

"ಅಳಿಸಬೇಡಿ!" ಮೂಲೆಯಲ್ಲಿದ್ದ ಕಥೆಗಾರ ಬೂಟುಗಾಲಲ್ಲೇ ಚಾಪೆಯ ಮೇಲೆ ಓಡಿಬಂದ. ಅವಳ ಎದುರು ಕುಕ್ಕರಗಾಲಲ್ಲಿ ಕೂತು ಕೇಳಿದ: "ಅಕ್ಕಾ, ಯಾಕೆ ಕೂತಿರಿ?"

ಅವಳಿಗೆ ಸಿಟ್ಟು ಬಂತು. "ಯಾಕೆ ಅಂದರೆ? ನೂರ ಎಂಬತ್ತೆಂಟು ಸಲ ಸತ್ತಿದ್ದೀನಪ್ಪಾ. ನಿಮ್ಮ ವೀರರಿಬ್ಬರೂ ಸೋಲಬಾರದು ಅಂತ ಮೊದಲೇ ಬರೆಸಿಕೊಂಡಿದ್ದಾರೆ. ಮತ್ತೆ ನಾನು ಯಾವ ಸುಖಕ್ಕೆ ನಿಂತಿರಬೇಕು?"

ಕಥೆಗಾರ ಎದ್ದುಹೋಗಿ ಬರೆಯಲು ಕೂತ.

ವಾರದೊಳಗೆ ಕೊನೆ ತೀರ್ಮಾನವಾಯಿತು. ದಳಪತಿ, ರಾಣಿ ಎದುರುಬದುರು ನಿಂತಿರುವಾಗ ಹಿಂದೆ ಒಬ್ಬ ಸೈನಿಕ ಕೂರುತ್ತಾನೆ. ಪಕ್ಕದವನು ಕೂರುತ್ತಾನೆ. ನೋಡನೋಡುತ್ತಾ ಎರಡೂ ಸೈನ್ಯ ಆಯುಧ ಕೆಳಗಿಟ್ಟು ಕೂತುಬಿಡುತ್ತವೆ. ಸೈನ್ಯವಿಲ್ಲದ ಮೇಲೆ ಯುದ್ಧವಿಲ್ಲ, ಆಕಾಶದ ಸೀಳು ಮುಚ್ಚುತ್ತದೆ. ಎರಡು ಕಂಪನಿಯವರೂ ಕರಾರು ತಿರುವಿ ತಿರುವಿ ನೋಡಿದರು. ಯಾರೂ ಸೋತಿರಲಿಲ್ಲ. ಒಪ್ಪಿದರು.

ಕಳವಳವಾದದ್ದು ಆಯುಧದವನಿಗೆ. ಹೊಡೆಯಲು ಯಾರೂ ಇಲ್ಲದಿದ್ದರೆ ಆಡುವವರು ಗುಂಡಿ ಒತ್ತಿ ಏನು ಮಾಡಬೇಕು? ಎರಡು ದಿನ ತಲೆ ಕೆರೆದುಕೊಂಡು ಅವನೂ ದಾರಿ ಕಂಡುಕೊಂಡ. ಆ ದೃಶ್ಯದಲ್ಲಿ ಹಗುರದ ಗುಂಡಿ ಒತ್ತಿದರೆ ವೀರನ ಕೈ ಮೇಲೇಳುತ್ತದೆ, ಆದರೆ ಬೀಸುವುದಿಲ್ಲ. ಭಾರದ್ದು ಒತ್ತಿದರೆ ಒಂದು ಹೆಜ್ಜೆ ಇಟ್ಟು ನಿಲ್ಲುತ್ತಾನೆ. ಕೂಡಿಟ್ಟ ಏಟಿನ ಗುಂಡಿಯನ್ನು ಪೂರ್ತಿ ಹಿಡಿದು ಬಿಟ್ಟರೆ ಮಾತ್ರ ಆಯುಧ ನೆಲಕ್ಕಿಡುತ್ತಾನೆ.

ದೊಪ್ಪಕ್ಕನಿಗೆ ಇದರಿಂದ ಸಿಕ್ಕ ಲಾಭ ಇನ್ನಷ್ಟು ಕೆಲಸ. ಸಾವಿರ ಜನ ಒಂದೇ ಥರ ಕೂತರೆ ಶಾಲೆಯ ಕವಾಯತಿನ ಹಾಗೆ ಕಾಣುತ್ತದೆ, ಹನ್ನೊಂದು ಥರ ಕೂರಬೇಕು ಅಂದರು. ಕೂತಳು. ಉಳಿದ ಇಪ್ಪತ್ತೆಂಟು ಸಾವನ್ನೂ ಯಾರೂ ಮನ್ನಾ ಮಾಡಲಿಲ್ಲ. ಅವನ್ನೂ ಸತ್ತಳು. ಕೊನೆಯದು ಬೀಸಣಿಗೆಯ ಹಗುರದ ಏಟು. ಎರಡನೇ ಸಲಕ್ಕೇ ಸರಿಹೋಯಿತು. ಯಾರೋ ಚಪ್ಪಾಳೆ ಹೊಡೆದರು. ಅವಳಿಗೆ ಬಟ್ಟೆ ಬಿಚ್ಚಲು ಬಲಗೈ ಏಳಲಿಲ್ಲ. ಗುಂಡು ಅಂಟಿಸುವ ಹೆಂಗಸು ಬಿಚ್ಚಿಕೊಟ್ಟಳು.

ಹೆಗಲ ಸ್ನಾಯು ಹರಿದಿತ್ತು. ಶಸ್ತ್ರಚಿಕಿತ್ಸೆ, ಆಮೇಲೆ ಮೂರು ತಿಂಗಳು ಕೈಗೆ ಜೋಳಿಗೆ. "ಇನ್ನು ಬೀಳೋ ಹಾಗಿಲ್ಲ" ಅಂದರು ಡಾಕ್ಟರು. ಅವಳು ವಾದಿಸಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಮಲಗಿ ಸಂಜೆಯವರೆಗೆ ನಿದ್ದೆ ಮಾಡುತ್ತಿದ್ದಳು. ಅತ್ತೆ ಬಾಗಿಲಲ್ಲಿ ಇಣುಕಿ, ಉಸಿರಾಡುತ್ತಿದ್ದಾಳಾ ಅಂತ ನೋಡಿಕೊಂಡು ಹೋಗುತ್ತಿದ್ದಳು.

ವರ್ಷದ ಮೇಲೆ ಆಟ ಹೊರಬಂತು. ಆಯುಧದವನು ಆಟವಾಡುವ ಒಂದು ಯಂತ್ರ ಹೊತ್ತು ಮನೆಗೇ ಬಂದು ಟಿವಿಗೆ ಜೋಡಿಸಿಕೊಟ್ಟ. ಭಾನುವಾರ ಬೆಳಿಗ್ಗೆ ಗಂಡ ಉತ್ಸಾಹದಿಂದ ಕೂತ. ದಳಪತಿ ಗದೆ ಹಿಡಿದು ಬಯಲಿಗಿಳಿದ. ಸೈನಿಕರು ಸುತ್ತುವರಿದರು. ಗಂಡ ಗುಂಡಿ ಒತ್ತಿದ, ಐದು ಜನ ಒಟ್ಟಿಗೆ ಹಾರಿಬಿದ್ದರು.

"ಇದರಲ್ಲಿ ನೀನು ಯಾವಳೇ ಹುಡುಗಿ?" ಅತ್ತೆ ಕನ್ನಡಕ ಏರಿಸಿಕೊಂಡು ಕೇಳಿದಳು.

"ಬೀಳೋರೆಲ್ಲ ನಾನೇ ಅತ್ತೆ."

ಅತ್ತೆ ಮಗನ ಕಡೆ ತಿರುಗಿದಳು. "ಲೋ, ಕೈ ತೆಗಿ! ಹೆಂಡತಿಗೆ ಗದೆಯಲ್ಲಿ ಹೊಡೀತೀಯೇನೋ?"

"ಅಮ್ಮಾ, ಇದು ಆಟ ಕಣಮ್ಮಾ."

"ನಮ್ಮ ಮನೇಲಿ ಬೇಡ."

ಅವನು ನಕ್ಕು ಮತ್ತೆ ಗುಂಡಿ ಒತ್ತಿದ. ಒಬ್ಬ ಸೈನಿಕ ತೂರಾಡಿ, ಕುಸಿದು, ಬಲಹೆಗಲು ಹಿಡಿದುಕೊಂಡು ಬಿದ್ದ. ಅವನ ನಗು ನಿಂತಿತು. ಆ ಹೆಗಲಿಗೆ ಅವನೇ ಎಣ್ಣೆ ತಿಕ್ಕಿದ್ದ. ಆಮೇಲೆ ಅವನು ಯಾರಿಗೂ ಹೊಡೆಯದೆ ದಳಪತಿಯನ್ನು ಬಯಲ ತುಂಬ ಓಡಿಸಿದ. ಸೈನಿಕರು ಅಟ್ಟಿಸಿಕೊಂಡು ಬಂದು ದಳಪತಿಯನ್ನೇ ಮುಗಿಸಿದರು. "ಹಾಗೇ ಆಗಬೇಕು" ಅಂದಳು ಅತ್ತೆ. ಯಂತ್ರ ಪೆಟ್ಟಿಗೆಯೊಳಗೆ ಹೋಯಿತು.

ಕೊನೆಯ ದೃಶ್ಯವನ್ನು ದೊಪ್ಪಕ್ಕ ನೋಡಿದ್ದು ಕೈ ವ್ಯಾಯಾಮಕ್ಕೆ ಹೋಗುತ್ತಿದ್ದ ಚಿಕಿತ್ಸಾಲಯದ ಬೆಂಚಿನ ಮೇಲೆ, ಫೋನಿನಲ್ಲಿ. ಯಾರೋ ಆಟ ಆಡಿ ಅದರ ವಿಡಿಯೋ ಹಾಕಿದ್ದರು. ಸಾವಿರ ಜನ ಕೂತರು. ಕೆಳಗೆ ಒಬ್ಬ, "ಕೊನೆಗೆ ಹೊಡೆಯೋಕೇ ಬಿಡಲ್ಲ, ದಂಡ" ಅಂತ ಬರೆದಿದ್ದ. ಇನ್ನೊಬ್ಬ, ಗುಂಡಿ ಹಿಡಿದುಕೊಂಡು ಬಹಳ ಹೊತ್ತು ಬಿಡದೆ ಕೂತಿದ್ದೆ ಅಂತ ಬರೆದಿದ್ದ. ಆಟದ ಕೊನೆಗೆ ಬರುವ ಹೆಸರುಗಳ ಪಟ್ಟಿಯಲ್ಲಿ "ಸೈನಿಕರು" ಅನ್ನುವ ಸಾಲಿನ ಮುಂದೆ ಒಂದೇ ಹೆಸರಿತ್ತು, ಅವಳದು. ಪೂರ್ತಿ ಹೆಸರು ನೋಡಿ ಅವಳಿಗೇ ಒಂದು ಕ್ಷಣ ಯಾರೋ ಅನ್ನಿಸಿತು.

ಚಿಕಿತ್ಸಾಲಯದಲ್ಲಿ ವ್ಯಾಯಾಮ ಮಾಡಿಸುವವಳು ಪಕ್ಕದಿಂದ ಫೋನು ಇಣುಕಿ, ಏನು ಅಂತ ಕೇಳಿದಳು; ಅವಳಿಗೆ ಇವಳ ಕಸುಬು ಗೊತ್ತಾದದ್ದು ಹಾಗೆ. "ನನ್ನ ಹತ್ತಿರ ಬರೋ ವಯಸ್ಸಾದವರಿಗೆ ಬೀಳೋ ಭಯ" ಅಂದಳು. "ಮೂಳೆ ಮುರಿಯದ ಹಾಗೆ ಬೀಳೋದನ್ನ ಹೇಳಿಕೊಡ್ತೀರಾ? ನೀವು ಬೀಳೋದು ಬೇಡ, ಹೇಳಿದರೆ ಸಾಕು."

ಈಗ ವಾರಕ್ಕೆ ಎರಡು ದಿನ ದೊಪ್ಪಕ್ಕ ಅಲ್ಲಿಗೆ ಹೋಗುತ್ತಾಳೆ. ಒಂಬತ್ತು ಜನ, ಎಲ್ಲರೂ ಎಪ್ಪತ್ತರ ಮೇಲಿನವರು. ಅತ್ತೆಯನ್ನು ಕರೆದಳು, "ನಾನ್ಯಾಕೆ ಬೀಳಲಿ?" ಅಂತ ಅವಳು ಬರಲಿಲ್ಲ. ಮೊದಲ ದಿನ ನಿವೃತ್ತ ಅಂಚೆಯವನೊಬ್ಬ ಮೊಣಕಾಲು ಬಗ್ಗಿಸಿ, ಪಕ್ಕಕ್ಕೆ ಹೊರಳಿ, ದಪ್ಪ ಚಾಪೆಯ ಮೇಲೆ ಸರಿಯಾಗಿ ಬಿದ್ದ. ಬಿದ್ದವನು ಏಳಲಿಲ್ಲ. ಎಲ್ಲರಿಗೂ ಗಾಬರಿಯಾಯಿತು.

"ಏಟಾಯ್ತಾ ಯಜಮಾನರೇ?" ದೊಪ್ಪಕ್ಕ ಬಗ್ಗಿ ಕೇಳಿದಳು.

"ಇಲ್ಲಮ್ಮಾ. ಹಾಯಾಗಿದೆ. ಸ್ವಲ್ಪ ಹೊತ್ತು ಹೀಗೇ ಇರ್ತೀನಿ."

"ಇರಿ. ಅವಸರ ಏನಿಲ್ಲ" ಅಂದಳು ಅವಳು. ಆಮೇಲೆ ಮುಂದಿನವರನ್ನು ಕರೆದಳು.