ಮುಚ್ಚಿದ ಬಾಗಿಲ ಮುಂದೆ ಸಿಸ್ಟರಮ್ಮ

ಬಸ್ಸು ಎಷ್ಟೇ ಓಲಾಡಿದರೂ ಸಿಸ್ಟರಮ್ಮ ಕಂಬಿ ಹಿಡಿಯುತ್ತಿರಲಿಲ್ಲ. ಬಿಳಿ ಸೀರೆ, ಬಿಳಿ ಕಾಲುಚೀಲ, ಗಂಡಸರು ಹಾಕುವಂಥ ಕಪ್ಪು ಬೂಟು. ಆ ಬೂಟುಗಳನ್ನು ಗೇಣು ಅಂತರದಲ್ಲಿ ಊರಿ ನಿಂತರೆಂದರೆ ಸೀಟು ಸಿಗುವ ತನಕ ಅಲುಗಾಡುತ್ತಿರಲಿಲ್ಲ. ಅಕ್ಕಪಕ್ಕದವರು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. "ಹಿಡ್ಕೊಳ್ಳಿ ಸಿಸ್ಟರಮ್ಮ, ಬಿದ್ರೆ ನನ್ ತಲೆಗೆ ಬರುತ್ತೆ" ಎಂದು ನಾನು ಗೊಣಗಿದರೆ, "ಮೂವತ್ತು ವರ್ಷ ವಾರ್ಡಲ್ಲಿ ನಿಂತ ಕಾಲು ಕಣಪ್ಪ ಇವು, ನಿನ್ ಬಸ್ಸಿಗೆಲ್ಲ ಹೆದರಲ್ಲ" ಎನ್ನುತ್ತಿದ್ದರು.

ನಾನು ಕೋಲಾರದಿಂದ ಗೌನಿಪಲ್ಲಿಗೆ ಹೋಗುವ ಬಸ್ಸಿನ ಕಂಡಕ್ಟರ್. ಮೊದಲಿಂದಲೂ ಸಿಡುಕ. ಹೆಂಗಸರಿಗೆ ಪ್ರಯಾಣ ಉಚಿತವಾಗಿ ಬಸ್ಸು ತುಂಬತೊಡಗಿದ ಮೇಲೆ ಆ ಸಿಡುಕು ಇಮ್ಮಡಿಯಾಯಿತೆಂದು ನನ್ನ ಹೆಂಡತಿ ಹೇಳುತ್ತಾಳೆ. ಸಿಸ್ಟರಮ್ಮ ಮಾಲೂರಿನವರು, ನಿವೃತ್ತ ನರ್ಸ್, ಕ್ರೈಸ್ತರು. ಪ್ರತಿ ತಿಂಗಳ ಮೊದಲ ಭಾನುವಾರದ ಹಿಂದಿನ ದಿನ ಕೋಲಾರದಲ್ಲಿ ನನ್ನ ಬಸ್ಸು ಹತ್ತುತ್ತಿದ್ದರು. ಪರಿಚಯವಾಗಿ ಎಷ್ಟು ದಿನ ಕಳೆದರೂ ಆಧಾರ್ ಕಾರ್ಡು ತೆಗೆದು ತೋರಿಸಿಯೇ ಟಿಕೆಟ್ ಪಡೆಯುವರು. ಗೌನಿಪಲ್ಲಿಯಲ್ಲಿ ಇಳಿದು, ನಾನೂ ಡ್ರೈವರೂ ಟೀ ಕುಡಿದು ಬಸ್ಸು ತಿರುಗಿಸುವಷ್ಟರಲ್ಲಿ ವಾಪಸು ಬಂದು ಅದೇ ಬಸ್ಸು ಹತ್ತುವರು. ಕೈಯಲ್ಲಿ ಹೋಗುವಾಗಲೂ ಏನಿಲ್ಲ, ಬರುವಾಗಲೂ ಏನಿಲ್ಲ.

"ಮುಕ್ಕಾಲು ಗಂಟೆಗೋಸ್ಕರ ಇಷ್ಟು ದೂರ ಬರ್ತೀರಲ್ಲ, ಯಾರ ಮನೆಗೆ?" ಎಂದು ಒಮ್ಮೆ ಕೇಳಿದೆ.

"ನನ್ ತಮ್ಮನ ಮನೆಗೆ."

"ಒಂದು ಹಣ್ಣೋ ಬಿಸ್ಕತ್ತೋ ತಗೊಂಡ್ ಹೋಗಲ್ವಾ?"

"ಅವನು ಬಾಗಿಲೇ ತೆಗೆಯಲ್ಲ ಕಣಪ್ಪ. ಕೈಯಲ್ಲಿ ಏನಾದ್ರೂ ಇಟ್ಕೊಂಡು ನಿಂತ್ರೆ ಲಂಚ ಕೊಡೋಕ್ ಬಂದಂಗಿರುತ್ತೆ."

ಉಳಿದ ಕಥೆ ಬಸ್ಸು ಖಾಲಿ ಇದ್ದ ದಿನಗಳಲ್ಲಿ ಸ್ವಲ್ಪಸ್ವಲ್ಪವೇ ಹೊರಬಿತ್ತು. ತಮ್ಮ ಗೌನಿಪಲ್ಲಿಯ ಹಿಂದೂ ಹುಡುಗಿಯನ್ನು ಮೆಚ್ಚಿ, ಅವರ ಪದ್ಧತಿಯಂತೆಯೇ ತಾಳಿ ಕಟ್ಟಿ, ಮಾವನ ಮಾವಿನ ತೋಟ ನೋಡಿಕೊಂಡು ಅಲ್ಲೇ ನೆಲೆನಿಂತ. ತಂದೆಯಿಲ್ಲದ ಮನೆಯಲ್ಲಿ ಅಕ್ಕನದೇ ಯಜಮಾನಿಕೆ. ತಾಯಿ ತೀರಿಕೊಂಡ ದಿನ "ಅವನಿಗೆ ತಿಳಿಸೋಣವಾ" ಎಂದು ಕೇಳಿದವರಿಗೆ ಸಿಸ್ಟರಮ್ಮ "ದೇವರನ್ನ ಬಿಟ್ಟವನಿಗೆ ಇಲ್ಲೇನು ಕೆಲಸ" ಎಂದುಬಿಟ್ಟರು. ಸಂಜೆಯೊಳಗೆ ಮಣ್ಣೂ ಮಾಡಿಸಿದರು. ಮೂರನೆಯ ದಿನ ಸುದ್ದಿ ತಿಳಿದು ಓಡಿಬಂದ ತಮ್ಮ, ಸಮಾಧಿಯ ಹತ್ತಿರ ಸ್ವಲ್ಪ ಹೊತ್ತು ಕೂತಿದ್ದು ಎದ್ದು ಹೋದ. ಅಂದಿಗೆ ಮಾತು ನಿಂತಿತು.

"ಭಕ್ತಿ ಅಂದ್ಕೊಂಡಿದ್ದೆ. ಬರೀ ಅಹಂಕಾರ" ಎಂದರು ಸಿಸ್ಟರಮ್ಮ.

ಅವರ ಚರ್ಚಿನಲ್ಲಿ ತಿಂಗಳ ಮೊದಲ ಭಾನುವಾರ ಪ್ರಭು ಭೋಜನ. ಯೇಸುವಿನ ನೆನಪಿಗೆ ರೊಟ್ಟಿಯ ಒಂದು ಚೂರು, ದ್ರಾಕ್ಷಾರಸದ ಒಂದು ಗುಟುಕು. ಯಾರೊಂದಿಗಾದರೂ ಮನಸ್ತಾಪವಿದ್ದರೆ ಮೊದಲು ಹೋಗಿ ಸರಿಮಾಡಿಕೊಂಡು ಬಂದು ಅದನ್ನು ತೆಗೆದುಕೊಳ್ಳಬೇಕಂತೆ. ಹೆಚ್ಚಿನವರು ಆ ಕೆಲಸವನ್ನು ಕೂತಲ್ಲೇ, ಮನಸ್ಸಿನಲ್ಲೇ ಮುಗಿಸಿಬಿಡುತ್ತಾರೆ. ಸಿಸ್ಟರಮ್ಮನೂ ವರ್ಷಗಟ್ಟಲೆ ಹಾಗೇ ಮಾಡಿದ್ದರು. ಒಂದು ಭಾನುವಾರ ಮಾತ್ರ ಬಟ್ಟಲು ಕೈಗೆ ಬಂದಾಗ ಕುಡಿಯಲಾಗದೆ ಪಕ್ಕದವರಿಗೆ ದಾಟಿಸಿದರು. ಅಲ್ಲಿಂದಾಚೆಗೆ ಮುಟ್ಟಲೇ ಇಲ್ಲ. ಸಿಸ್ಟರ್ ಅದೇನು ಪಾಪ ಮಾಡಿದಾರೋ ಎಂದು ಜನ ಗುಸುಗುಸು ಆಡಿಕೊಂಡರು. ದೇವರಲ್ಲಿ ಕ್ಷಮೆ ಕೇಳಿದ್ದೀರಲ್ಲ, ಸಾಕು, ತೆಗೆದುಕೊಳ್ಳಿ ಎಂದು ಪಾಸ್ಟರೇ ಹೇಳಿ ನೋಡಿದರು.

"ಕರ್ತನು ಕ್ಷಮಿಸಿದಾನೆ, ಅದ್ರಲ್ಲಿ ನಂಗೆ ಅನುಮಾನ ಇಲ್ಲ" ಎಂದು ನನಗೆ ವಿವರಿಸಿದರು. "ಆದ್ರೆ ಒಡೆದವಳು ನಾನು. ಜೋಡಿಸೋಕೂ ನಾನೇ ಹೋಗ್ಬೇಕು. ಅದಕ್ಕೇ ಈ ವಯಸ್ಸಲ್ಲೂ ಕಾಲು ಗಟ್ಟಿ ಇಟ್ಟಿದಾನೆ."

ಪ್ರತಿ ಸಲ ವಾಪಸು ಹತ್ತುವಾಗ ಏನಾಯಿತೆಂದು ಕೇಳುತ್ತಿದ್ದೆ. "ತೆಗೀಲಿಲ್ಲ. ಮುಂದಿನ ತಿಂಗಳು ಬರ್ತೀನಿ" ಎನ್ನುವರು. ಆ ಮುಖದಲ್ಲಿ ಸೋತ ಕಳೆಯನ್ನು ನಾನು ಒಮ್ಮೆಯೂ ಕಾಣಲಿಲ್ಲ.

ಹೀಗೇ ಒಂದೂವರೆ ವರ್ಷ. ಕೊನೆಗೆ ತಡೆಯಲಾಗದೆ ಒಂದು ಶನಿವಾರ ಟೀ ಬಿಟ್ಟು ಅವರ ಹಿಂದೆಯೇ ಹೋದೆ. ಮನೆ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲೇ ಇತ್ತು. ಸಿಸ್ಟರಮ್ಮ ಅಂಗಳದ ಬಿಸಿಲಲ್ಲಿ ನಿಂತಿದ್ದರು. ತಮ್ಮನ ಹೆಂಡತಿ ಒಂದು ಲೋಟ ನೀರು ತಂದು ಕೊಟ್ಟು ತಲೆ ತಗ್ಗಿಸಿಕೊಂಡು ಒಳಗೆ ಹೋದಳು. "ಪೊಮ್ಮನು" ಎಂದು ಒಳಗಿಂದ ಗಂಡಸಿನ ದನಿ ತೆಲುಗಿನಲ್ಲಿ ಗದರಿತು. ಹೋಗೋಕೆ ಹೇಳು ಎಂದು. ಬಾಗಿಲು ದಢಾರನೆ ಹಾಕಿಕೊಂಡಿತು.

ನನಗೆ ಮೈ ಉರಿದುಹೋಯಿತು. "ಏನ್ ಮನುಷ್ಯನಯ್ಯಾ ನೀನು! ವಯಸ್ಸಾದ ಹೆಂಗಸನ್ನ ಬಿಸಿಲಲ್ಲಿ ನಿಲ್ಲಿಸ್ತೀಯಲ್ಲ, ಈಚೆ ಬಾ!" ಎಂದು ಕೂಗಾಡಿದೆ.

ಸಿಸ್ಟರಮ್ಮ ನನ್ನ ಕಡೆಗೇ ತಿರುಗಿಬಿದ್ದರು. "ಸುಮ್ನಿರು! ಅವನ ಕೋಪ ನ್ಯಾಯವಾದದ್ದು. ನನ್ ಪರವಾಗಿ ನೀನು ಜಗಳ ಆಡಿದ್ರೆ ನಾನು ಬಂದಿದ್ದೇ ದಂಡ."

ಅಷ್ಟರಲ್ಲಿ ಕಿಟಕಿ ತೆರೆಯಿತು. "ಕಂಡಕ್ಟರ್ ಸಾರ್, ಇವ್ಳು ಬಂದಾಗೆಲ್ಲ ತಪ್ಪಾಯ್ತು ತಪ್ಪಾಯ್ತು ಅಂತಾಳೆ. ಸಾಯೋವಾಗ ನಮ್ಮಮ್ಮ ನನ್ ಹೆಸ್ರು ಎತ್ತಿದ್ಳೋ ಇಲ್ವೋ, ಅದನ್ನ ಒಂದ್ಸಲ ಹೇಳೋಕ್ ಹೇಳಿ. ಅದೊಂದನ್ನ ಹೇಳಲ್ಲ!" ಎಂದ ತಮ್ಮ. ಕಿಟಕಿಯೂ ಮುಚ್ಚಿತು.

ಅಂದು ವಾಪಸು ಬರುವಾಗ ಸಿಸ್ಟರಮ್ಮ ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. ಇನ್ನು ಇವರು ಬರುವುದಿಲ್ಲ ಎಂದುಕೊಂಡೆ.

ಮುಂದಿನ ತಿಂಗಳು ಬಂದರು. ಆಧಾರ್ ಕಾರ್ಡು ತೋರಿಸುತ್ತಲೇ, "ಇವತ್ತು ನೀನೂ ಬಾ. ಒಬ್ರು ನೋಡ್ತಿದ್ರೆ ಹಿಂದೇಟು ಹಾಕೋಕಾಗಲ್ಲ" ಎಂದರು. ಅಂಗಳದಲ್ಲಿ ನಿಂತು, ವಾರ್ಡಿನ ಆ ತುದಿಗೂ ಕೇಳಿಸುವಂಥ ದನಿಯಲ್ಲಿ, ಮುಚ್ಚಿದ ಬಾಗಿಲಿಗೆ ಹೇಳಿದರು:

"ತಮ್ಮಾ, ಅಮ್ಮ ನಿನ್ನ ಕೇಳಿದ್ಳು. ಮೂರು ದಿನ ಕೇಳಿದ್ಳು. ಮಗ ಬಂದ್ನಾ, ಮಗ ಬಂದ್ನಾ ಅಂತ. ಹೇಳಿ ಕಳಿಸಿದೀನಿ, ಬರ್ತಾ ಇದಾನೆ ಅಂತ ನಾನು ಸುಳ್ಳು ಹೇಳ್ದೆ. ಬಾಗಿಲ ಕಡೆ ನೋಡ್ಕೊಂಡೇ ಪ್ರಾಣ ಬಿಟ್ಳು. ಇದನ್ನ ಹೇಳಿದ್ರೆ ನೀನು ಈ ಜನ್ಮದಲ್ಲಿ ನನ್ ಮುಖ ನೋಡಲ್ಲ ಅಂತ ಮುಚ್ಚಿಟ್ಟೆ. ನೋಡ್ಬೇಡ, ಪರವಾಗಿಲ್ಲ. ಅಮ್ಮನ ಆ ಮಾತು ನಿಂದು. ನಿಂಗೆ ಕೊಟ್ಟಿದೀನಿ."

ನಿಜ ಹೇಳುತ್ತೇನೆ, ಆ ಕ್ಷಣ ನನಗೂ ಸಿಸ್ಟರಮ್ಮನ ಮೇಲೆ ಅಸಹ್ಯವಾಯಿತು. ಸಾಯುವ ತಾಯಿಗೆ ಹೀಗೂ ಮಾಡುತ್ತಾರೆಯೇ? ಎಲ್ಲ ಮುಗಿದೇಹೋಯಿತೆಂದು ಅವರ ತೋಳು ಹಿಡಿದು ಕರೆದುಕೊಂಡು ಹೊರಡಲು ಮುಂದಾದೆ.

ಚಿಲಕ ಸದ್ದಾಯಿತು. ಮೀಸೆ ನರೆತ ತಮ್ಮ ಹೊರಗೆ ಬಂದ. ಅಕ್ಕನ ಮುಖ ನೋಡದೆ ಕೇಳಿದ:

"ಮೂರು ದಿನಾನೂ ಕೇಳಿದ್ಳಾ?"

"ಮೂರು ದಿನಾನೂ."

"ಅಮ್ಮನೇ ನನ್ನ ಬೇಡ ಅಂದಿದ್ಳು ಅಂದ್ಕೊಂಡಿದ್ನಲ್ಲ ಅಕ್ಕಾ... ಇಷ್ಟು ವರ್ಷ..."

ಮೆಟ್ಟಿಲ ಮೇಲೆ ಕುಸಿದು ಕೂತು ಚಿಕ್ಕ ಮಗುವಿನ ಹಾಗೆ ಅತ್ತ. ಸಿಸ್ಟರಮ್ಮ ಹೋಗಿ ಒಂದು ಮೆಟ್ಟಿಲು ಕೆಳಗೆ ಕೂತರು. ನಿಲ್ದಾಣದಲ್ಲಿ ಡ್ರೈವರ್ ಒಂದೇ ಸಮನೆ ಹಾರನ್ ಬಾರಿಸುತ್ತಿದ್ದ. "ನಾಳೆ ಚರ್ಚು, ಸಿಸ್ಟರಮ್ಮ" ಎಂದು ನೆನಪಿಸಿದೆ. "ನೀನ್ ಹೋಗಪ್ಪ" ಎಂದು ಕೈಬೀಸಿದರು. ಹಾಗಾಗಿ ಆ ತಿಂಗಳ ಪ್ರಭು ಭೋಜನ ಅವರಿಗೆ ತಪ್ಪಿತು.

ಮರುತಿಂಗಳು ತಮ್ಮನನ್ನು ಕರೆದುಕೊಂಡು ಹೋಗಿ ಪಕ್ಕದಲ್ಲಿ ಕೂರಿಸಿಕೊಂಡು ಬಟ್ಟಲು ತೆಗೆದುಕೊಂಡರಂತೆ. ತಮ್ಮ ತಾನು ತೆಗೆದುಕೊಳ್ಳಲಿಲ್ಲ. ಸಿಸ್ಟರಮ್ಮ ತೆಗೆದುಕೋ ಎನ್ನಲೂ ಇಲ್ಲ. "ನಾನು ಕುಡಿಯೋವರ್ಗೂ ನನ್ನೇ ನೋಡ್ತಾ ಕೂತಿದ್ದ ಕಣಪ್ಪ" ಎಂದು ನನಗೆ ಹೇಳಿ ಬಾಯ್ತುಂಬ ನಕ್ಕರು. ಹೋದ ಬೇಸಿಗೆಯಲ್ಲಿ, ತೋಟಗಳಲ್ಲಿ ಕಾಯಿ ಇಳಿಸುವ ಹೊತ್ತಿಗೆ ತೀರಿಕೊಂಡರು. ಮಣ್ಣಿಗೆ ನಾನೂ ಹೋಗಿದ್ದೆ.

ನಾನು ಕ್ರೈಸ್ತನಲ್ಲ. ಊರ ಹನುಮಂತರಾಯನಿಗೆ ಕೈಮುಗಿಯುವವನು. ಆದರೆ ಸಿಸ್ಟರಮ್ಮನ ಬಗ್ಗೆ ಇಷ್ಟೆಲ್ಲ ಬರೆದು ನನ್ನದನ್ನು ಹೇಳದಿದ್ದರೆ ಅವರು ಒಪ್ಪುವುದಿಲ್ಲ. ಮಾಸ್ತಿ ಹತ್ತಿರದ ನಮ್ಮೂರಿನಲ್ಲಿ ನನಗೊಬ್ಬ ಅಣ್ಣನಿದ್ದಾನೆ. ಏಳು ವರ್ಷದಿಂದ ಮಾತಿರಲಿಲ್ಲ. ನನ್ನ ರಾಗಿ ಹೊಲ ಒತ್ತಿಕೊಂಡ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೆ. ಮಣ್ಣಿಗೆ ಹೋಗಿ ಬಂದ ವಾರ ಮಾಸ್ತಿ ಬಸ್ಸು ಹತ್ತಿದೆ. ಅಣ್ಣ ಹಸುವಿಗೆ ಹುಲ್ಲು ಹಾಕುತ್ತಿದ್ದವನು ನನ್ನನ್ನು ಕಂಡು ಒಳಗೆ ಹೋಗಲು ತಿರುಗಿದ. ಸಿಸ್ಟರಮ್ಮನ ಹಾಗೆ ಕಾಲು ಗೇಣು ಅಂತರದಲ್ಲಿ ಊರಿ ನಿಂತೆ.

"ಅಣ್ಣಾ, ಬದುವಿನ ಕಲ್ಲು ಕಿತ್ತು ನಿನ್ ಹೊಲದೊಳಗೆ ನೆಟ್ಟವನು ನಾನೇ" ಎಂದೆ.