ಅಪ್ಪಾಜಿಯ ದನಿ ಇದ್ದ ಡಿಸ್ಕು

ಅಪ್ಪಾಜಿ ಗಂಟಲಿನ ಆಪರೇಷನ್ ಮುಗಿಸಿಕೊಂಡು ಮನೆಗೆ ಬಂದ ದಿನ, ಇನ್ವರ್ಟರಿಗೆ ಸೇರಿದ್ದ ಒಂದೇ ಒಂದು ಪ್ಲಗ್ಗು ಅವರ ಕಫ ಎಳೆಯುವ ಮೆಷಿನ್ನಿನ ಪಾಲಾಯಿತು. ಅದು ನ್ಯಾಯವೇ ಬಿಡಿ. ಅಲ್ಲಿಯವರೆಗೆ ಆ ಜಾಗದಲ್ಲಿದ್ದದ್ದು ನನ್ನ ಸ್ಟೋರೇಜ್ ಸರ್ವರ್. ಟಿಫನ್ ಕ್ಯಾರಿಯರ್ ಗಾತ್ರದ ಕರಿ ಪೆಟ್ಟಿಗೆ, ಒಳಗೆ ಎರಡು ಹಾರ್ಡ್ ಡಿಸ್ಕು. ಮನೆಯವರೆಲ್ಲರ ಫೋನಿನ ಫೋಟೋ, ವಿಡಿಯೊ ಅದರೊಳಗೆ ಬಂದು ಬೀಳುತ್ತಿದ್ದವು. ಅಮ್ಮ ಅದರ ವೈರು ಕಿತ್ತು ಗೋಡೆಯ ಮಾಮೂಲಿ ಪ್ಲಗ್ಗಿಗೆ ಸಿಕ್ಕಿಸಿದಳು. ನಾನೂ ನೋಡಿದೆ, ಅಪ್ಪಾಜಿಗೆ ಹಾಸಿಗೆ ಹಾಸಲು ಹೋದೆ.

ಆಮೇಲೆ ಮುಂಗಾರಿಗೂ ಮುಂಚಿನ ಗುಡುಗು ಮಳೆ ಬಂತು. ಕರೆಂಟು ಹೋಯಿತು, ಬಂತು, ಮತ್ತೆ ಹೋಯಿತು, ಹೀಗೇ ಸಂಜೆಯೆಲ್ಲ ಕಣ್ಣಾಮುಚ್ಚಾಲೆ ಆಡಿತು. ಮಾರನೆಯ ಬೆಳಿಗ್ಗೆ ನೋಡಿದರೆ ಸರ್ವರಿನ ಫ್ಯಾನು ತಿರುಗುತ್ತಿದೆ, ದೀಪ ಉರಿಯುತ್ತಿದೆ, ಆದರೆ ಫೈಲು ಒಂದೂ ಕಾಣುತ್ತಿಲ್ಲ. ಫೈಲ್ ಸಿಸ್ಟಂ ಕೆಟ್ಟಿದೆ ಎಂದು ಪರದೆ ಹೇಳಿತು. ಯಾವ ಫೈಲು ಡಿಸ್ಕಿನ ಯಾವ ಮೂಲೆಯಲ್ಲಿದೆ ಎಂದು ನೆನಪಿಟ್ಟುಕೊಳ್ಳುವ ವ್ಯವಸ್ಥೆ ಅದು. ಅದು ಕೆಟ್ಟರೆ ಸಾಮಾನೆಲ್ಲ ಮನೆಯೊಳಗೇ ಇರುತ್ತದೆ, ಎಲ್ಲಿದೆ ಎಂದು ಮಾತ್ರ ಯಾರಿಗೂ ಗೊತ್ತಿರುವುದಿಲ್ಲ.

ಫೋಟೋ ಹೋದರೆ ಹೋಗಲಿ ಎನ್ನಬಹುದಿತ್ತು. ಅದರಲ್ಲಿ ಅಪ್ಪಾಜಿಯ ದನಿ ಇತ್ತು.

ನಮ್ಮ ಅಪ್ಪಾಜಿ ಕೊಬ್ಬರಿ ವ್ಯಾಪಾರದವರು. ತಿಪಟೂರಿನ ಮಾರುಕಟ್ಟೆ ಯಾರ್ಡಿನಲ್ಲಿ ಈ ತುದಿಯಲ್ಲಿ ನಿಂತು ಕೂಗಿದರೆ ಆ ತುದಿಯ ಹಮಾಲಿ ತಿರುಗಿ ನೋಡುತ್ತಿದ್ದ. ಅಂಥವರ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದಾಗ, ಆಸ್ಪತ್ರೆಯಲ್ಲಿ ಮಾತಿನ ತರಬೇತಿ ಕೊಡುವ ಹುಡುಗಿ ಒಂದು ದಾರಿ ಹೇಳಿದಳು. ಆಪರೇಷನ್ನಿಗೆ ಮುಂಚೆ ಅವರ ಮಾತನ್ನು ರೆಕಾರ್ಡ್ ಮಾಡಿಟ್ಟುಕೊಂಡರೆ, ಮುಂದೆ ಅವರು ಫೋನಿನಲ್ಲಿ ಬರೆದದ್ದನ್ನು ಫೋನು ಅವರದೇ ದನಿಯಲ್ಲಿ ಓದುವಂತೆ ಮಾಡಬಹುದು. ಸ್ವಚ್ಛವಾದ ಅರ್ಧ ಗಂಟೆ ಮಾತಾದರೂ ಬೇಕು ಎಂದಳು. ಓದಿಸಲು ಒಂದಷ್ಟು ವಾಕ್ಯಗಳನ್ನೂ ಕೊಟ್ಟಳು. ಅಪ್ಪಾಜಿ ಕನ್ನಡಕ ಏರಿಸಿ, "ದಯವಿಟ್ಟು ಕಿಟಕಿಯನ್ನು ತೆರೆಯಿರಿ" ಎಂದು ಒಂದು ವಾಕ್ಯ ಓದಿ, ಹಾಳೆಯನ್ನು ಪಕ್ಕಕ್ಕೆ ಎಸೆದರು.

"ಯಾವನ್ ಹಿಂಗ್ ಮಾತಾಡೋನು? ಇದ್ನ ನನ್ ದನಿ ಅಂದ್ರೆ ಊರೋರು ನಗ್ತಾರೆ ಕಣವ್ವ."

ಅದಕ್ಕೇ ನಾನು ಜಗಲಿಯ ಮೇಲೆ ಫೋನಿಟ್ಟು, ರೆಕಾರ್ಡಿಂಗ್ ಹಾಕಿ ಬಿಟ್ಟುಬಿಡುತ್ತಿದ್ದೆ. ಅವರು ಕೊಬ್ಬರಿಯ ರೇಟಿಗೆ ಜಗಳವಾಡಿದ್ದು, ಕಾಗೆಗೆ ಬೈದದ್ದು, ತೋಟದ ಮೋಟಾರಿಗೆ ಶಾಪ ಹಾಕಿದ್ದು, ಎಲ್ಲ ಅದರಲ್ಲಿ ಬಂತು. ಫೋನು ತುಂಬಿದಾಗ ಸರ್ವರಿಗೆ ಹಾಕಿ, ಫೋನಿನಿಂದ ಅಳಿಸಿದೆ. ಎರಡು ಡಿಸ್ಕಿನಲ್ಲೂ ಒಂದೇ ಸಲ ಬರೆಯುವ ಸರ್ವರ್ ಅದು. ಒಂದು ಹೋದರೆ ಇನ್ನೊಂದಿದೆ ಎಂದು ನಿಶ್ಚಿಂತೆಯಾಗಿದ್ದೆ. ಒಂದರಲ್ಲಿ ಬರೆದ ತಪ್ಪನ್ನು ಇನ್ನೊಂದರಲ್ಲೂ ಅಷ್ಟೇ ಶ್ರದ್ಧೆಯಿಂದ ಬರೆಯುತ್ತದೆ ಎಂಬುದು ಹೊಳೆದಿರಲಿಲ್ಲ. ಕಾಲೇಜಿನ ಕಂಪ್ಯೂಟರ್ ಲ್ಯಾಬು ನೋಡಿಕೊಳ್ಳುವವಳು ನಾನು. ಬೇರೆಯವರಿಗೆ ಇದನ್ನೇ ಪಾಠ ಹೇಳುತ್ತೇನೆ.

ಎರಡೂ ಡಿಸ್ಕು ಬಿಚ್ಚಿ ಮೇಜಿನ ಮೇಲಿಟ್ಟು, ಸ್ಕ್ರೂಡ್ರೈವರ್ ಇಡಲು ಒಳಗೆ ಹೋಗಿ ಬಂದೆ. ಅಷ್ಟರಲ್ಲಿ ಅಪ್ಪಾಜಿ ಒಂದು ಡಿಸ್ಕನ್ನು ಕೈಗೆತ್ತಿಕೊಂಡು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು.

ನಮ್ಮ ಕಡೆಯವರಿಗೆ ಇದು ವಿಚಿತ್ರವಲ್ಲ. ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿಟ್ಟ ಕಾಯಿಯೊಳಗೆ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಆಗಿದೆಯೋ ಇಲ್ಲವೋ ನೋಡಲು ಒಡೆಯುವ ಹಾಗಿಲ್ಲ, ಕಿವಿಯ ಹತ್ತಿರ ಅಲ್ಲಾಡಿಸಬೇಕು. ಗಡಗಡ ಅಂದರೆ ಆಗಿದೆ ಎಂದರ್ಥ. ಜೀವಮಾನವೆಲ್ಲ ಅದನ್ನೇ ಮಾಡಿದ ಕೈ ಅದು.

"ಅಪ್ಪಾಜೀ! ಅದೇನ್ ಕಾಯಿ ಅಂದ್ಕೊಂಡ್ರಾ? ಮಡಗಿ ಕೆಳಕ್ಕೆ! ನಿಮ್ ದನಿ ಇರೋದೇ ಅದ್ರಲ್ಲಿ, ಅದ್ನೂ ಹಾಳ್ಮಾಡ್ಬುಡಿ!"

ಮೊದಲಾಗಿದ್ದರೆ ಅದರ ಎರಡರಷ್ಟನ್ನು ನನಗೆ ವಾಪಸ್ ಕೊಡುತ್ತಿದ್ದರು. ಈಗ ಬಾಯಿ ತೆರೆದರು. ಉಸಿರಾಡಲೆಂದು ಕುತ್ತಿಗೆಯಲ್ಲಿ ಮಾಡಿದ್ದ ತೂತಿನಿಂದ ಬುಸ್ಸೆಂದು ಗಾಳಿ ಬಂತು. ಡಿಸ್ಕನ್ನು ಮೊಟ್ಟೆ ಇಟ್ಟ ಹಾಗೆ ಮೇಜಿನ ಮೇಲಿಟ್ಟು ತೋಟದ ಕಡೆ ಹೊರಟುಹೋದರು. ತಿರುಗಿ ಬೈಯಲಾಗದವರ ಮೇಲೆ ಕೂಗಾಡಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಅವರು ಅಲ್ಲಾಡಿಸದೆ ಉಳಿದಿದ್ದ ಡಿಸ್ಕನ್ನೇ ಲ್ಯಾಪ್‌ಟಾಪಿಗೆ ಹಾಕಿದೆ. ಹಾಕಿದ ತಕ್ಷಣ ಪರದೆ ಕೇಳಿತು: ಈ ಡಿಸ್ಕನ್ನು ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು, ಮಾಡಲೇ? ಎಲ್ಲ ಒರೆಸಿ ಹಾಕಲೇ ಎಂದು ಅದು ಎಷ್ಟು ವಿನಯದಿಂದ ಕೇಳುತ್ತದೆಂದರೆ, ಅರೆನಿದ್ದೆಯಲ್ಲಿರುವವರು ಹೂಂ ಎಂದುಬಿಡಬೇಕು. ಬೇಡ ಎಂಬುದರ ಮೇಲೆ ಒತ್ತಿದೆ. ಸರಿಪಡಿಸುತ್ತೇನೆ ಎಂದು ಮೂಲ ಡಿಸ್ಕಿನ ಮೇಲೇ ಕೈಯಾಡಿಸಿ ಇದ್ದಬದ್ದದ್ದನ್ನೂ ಕಳೆದುಕೊಂಡವರನ್ನು ನಾನು ಕಂಡಿದ್ದೆ. ಮೊದಲು ಇಡೀ ಡಿಸ್ಕನ್ನು, ಕೆಟ್ಟದ್ದನ್ನು ಕೆಟ್ಟ ಹಾಗೇ, ಇನ್ನೊಂದಕ್ಕೆ ನಕಲು ಮಾಡಬೇಕು. ಏನೇ ಚಿಕಿತ್ಸೆ ಮಾಡಿದರೂ ಆ ನಕಲಿಗೆ. ತಿಪಟೂರಿಗೆ ಹೋಗಿ ದೊಡ್ಡ ಡಿಸ್ಕು ತಂದೆ.

ಲ್ಯಾಪ್‌ಟಾಪಿಗೆ ಬ್ಯಾಟರಿ ಇದ್ದರೂ ಡಿಸ್ಕುಗಳಿಗೆ ಗೋಡೆಯ ಕರೆಂಟೇ ಬೇಕು; ನಕಲು ಶುರುವಾದರೆ ನಡುವೆ ಅದು ಕುಣಿಯಬಾರದು. ಇನ್ವರ್ಟರಿನ ಪ್ಲಗ್ಗು ಮೆಷಿನ್ನಿನದು, ಅದನ್ನು ಕೇಳುವ ಮಾತೇ ಇಲ್ಲ. ಪಕ್ಕದ ತೋಟದವರು ಮೋಟಾರು ಹಾಕಿದಾಗಲೆಲ್ಲ ನಮ್ಮ ಮನೆಯ ದೀಪ ಮಂಕಾಗುತ್ತದೆ. ಅವರ ಹತ್ತಿರ ಹೋಗಿ, ನಾಳೆ ಒಂದು ದಿನ ನೀರು ಬಿಡಬೇಡಿ ಎಂದು ಹೇಗೆ ಕೇಳುವುದು ಎಂದು ಅಮ್ಮನಿಗೆ ಹೇಳಿಕೊಂಡು ಒದ್ದಾಡಿ, ಆಮೇಲೆ ಹಿತ್ತಲಿಗೆ ಹೋದರೆ, ಬೇಲಿಯ ಹತ್ತಿರ ಅಪ್ಪಾಜಿ ಆಗಲೇ ನಿಂತಿದ್ದರು. ಅತ್ತ ಕಡೆ ಪಕ್ಕದ ತೋಟದ ಯಜಮಾನರು ಅಪ್ಪಾಜಿ ಬರೆದುಕೊಟ್ಟ ಸ್ಲೇಟನ್ನು ದೂರ ಹಿಡಿದು ಓದುತ್ತಿದ್ದರು.

"ಅಯ್ಯೋ, ಆಗ್ಲಿ ಬುಡಣ್ಣ, ಒಂದಿನ ನೀರಿಲ್ದಿದ್ರೆ ಗಿಡ ಸಾಯಲ್ಲ," ಎಂದು ಸ್ಲೇಟು ವಾಪಸ್ ಕೊಟ್ಟರು. ಎದುರಿಗಿರುವವರಿಗೆ ಕಿವಿಯೇ ಇಲ್ಲವೇನೋ ಎಂಬಂತೆ ಜೋರಾಗಿ ಹೇಳಿದರು. ಮಾತು ಹೋದವರಿಗೆ ಕಿವಿಯೂ ಹೋಗಿದೆ ಎಂದು ಊರಿನ ಅರ್ಧ ಜನ ತಿಳಿದಿದ್ದಾರೆ. ಅಪ್ಪಾಜಿಗೆ ಅದರಷ್ಟು ಸಿಟ್ಟು ಬರಿಸುವುದು ಇನ್ನೊಂದಿಲ್ಲ. ಆದರೂ ಅವತ್ತು ಕೈಮುಗಿದರು.

ಮಾರನೆಯ ದಿನ ಪೂರ್ತಿ ನಾನು ಪರದೆಯ ಮುಂದೆ ಕೂತೆ. ನಕಲಿನ ಅಂಕಿ ಇರುವೆ ಹರಿದಂತೆ ಮುಂದಕ್ಕೆ ಹೋಗುತ್ತಿತ್ತು. ನಡುವೆ ಒಮ್ಮೆ ನಿಂತಿತು. ಓದಲಾಗದ ಒಂದು ಜಾಗವನ್ನು ಹಾರಿಸಿ ಅದು ಮತ್ತೆ ಹೊರಟಾಗ, ಆ ಜಾಗದಲ್ಲಿ ಏನಿತ್ತೋ ಎಂಬ ಯೋಚನೆ ಹತ್ತಿಕೊಂಡಿತು. ಅಮ್ಮ ಎರಡು ಸಲ ಊಟಕ್ಕೆ ಕರೆದಳು. ಮೂರನೆಯ ಸಲ ತಟ್ಟೆಯನ್ನೇ ತಂದು ಪಕ್ಕದಲ್ಲಿಟ್ಟು, "ಉಣ್ಣದೆ ಕೂತ್ರೆ ಅದೇನ್ ಬೇಗ ಆಯ್ತದಾ?" ಎಂದು ಗದರಿ ಹೋದಳು.

ನಕಲು ಮುಗಿದ ಮೇಲೆ ಅದರ ಮೇಲೆ ರಿಪೇರಿ ನಡೆಸಿದೆ. ಫೈಲುಗಳು ಸಿಕ್ಕವು. ಹೆಸರು ಮಾತ್ರ ಒಂದಕ್ಕೂ ಇರಲಿಲ್ಲ. ಹೆಸರಿದ್ದ ಜಾಗದಲ್ಲಿ ಬರೀ ನಂಬರು. ರಾಶಿ ರಾಶಿ ಬಿದ್ದಿದ್ದವು, ಯಾವುದು ಏನೆಂದು ತೆರೆದೇ ನೋಡಬೇಕು. ಮೊದಲು ಸಿಕ್ಕಿದ್ದೆಲ್ಲ ಶುಭೋದಯದ ಚಿತ್ರಗಳು. ಗುಲಾಬಿ, ಕಾಫಿ ಲೋಟ, ದೇವರು, ಮತ್ತೆ ಗುಲಾಬಿ. ನೆಂಟರು ವರ್ಷಗಟ್ಟಲೆ ಕಳಿಸಿದ್ದ ಅಷ್ಟೂ ಶುಭೋದಯಗಳು ಕೂದಲೂ ಕೊಂಕದೆ ಉಳಿದುಕೊಂಡಿದ್ದವು. ಕಂಪ್ಯೂಟರನ್ನು ಎತ್ತಿ ಎಸೆಯುವಷ್ಟು ಸಿಟ್ಟು ಬಂತು.

ಆಡಿಯೊ ಫೈಲುಗಳನ್ನು ಬೇರೆ ಮಾಡಿದೆ. ಅಪ್ಪಾಜಿ ಬಂದು ಪಕ್ಕದಲ್ಲಿ ಕೂತರು. ಬೈದ ದಿನದಿಂದ ನಾವಿಬ್ಬರೂ ಮುಖ ಕೊಟ್ಟು ನೋಡಿರಲಿಲ್ಲ. ಮೊದಲನೆಯದು ತೆರೆಯಲಿಲ್ಲ. ಎರಡನೆಯದರಲ್ಲಿ ಬರೀ ಸೊರಸೊರ ಸದ್ದು. ಮುಂದಿನದರಲ್ಲಿ ಅವರ ಮಾತು ಶುರುವಾಗಿ, "ಅಲ್ಲ ಕಣಪ್ಪ, ನಿನ್ನೆ ರೇಟು" ಎನ್ನುವಷ್ಟರಲ್ಲಿ ಕಡಿದುಹೋಯಿತು. ಅದರ ಮುಂದಿನದೂ ಚೂರು, ಆಮೇಲಿನದೂ ಚೂರು. ಎಲ್ಲ ಸೇರಿಸಿದರೂ ಒಂದು ನಿಮಿಷವಾಗದು. ನನಗೆ ಪಕ್ಕಕ್ಕೆ ತಿರುಗುವ ಧೈರ್ಯವಾಗಲಿಲ್ಲ. ಅಪ್ಪಾಜಿ ಸಾಕು ಎನ್ನುವಂತೆ ನನ್ನ ಮೊಣಕೈ ಮುಟ್ಟಿದರು. ಇನ್ನೊಂದು ಅಂತ ಒತ್ತಿದೆ.

ಕಾಗೆ ಕೂಗಿತು. ಚೊಂಬು ಕೆಳಗಿಟ್ಟ ಸದ್ದು. ಆಮೇಲೆ ಯಾರ್ಡಿನ ಆ ತುದಿಗೂ ಕೇಳುವ ದನಿ:

"ಲೇ, ಎಲ್ಲಿ ಸತ್ತೋದ್ಯೇ? ಎಷ್ಟೊತ್ತಾಯ್ತು, ಕಾಫಿ ಕೊಡೇ!"

"ಬಂದೇ ಇರ್ರೀ!" ಹಿತ್ತಲಿನಿಂದ ಅಮ್ಮ ಕೂಗಿದಳು. "ಇರೋವು ಎಲ್ಡೇ ಕೈ ಕಣ್ರೀ, ಯಾಕಂಗ್ ಬಡ್ಕಂತೀರಾ?"

ಅದು ರೆಕಾರ್ಡಿಂಗಿನಲ್ಲಿದ್ದ ಅಮ್ಮನಲ್ಲ. ಬಟ್ಟೆ ಒಗೆಯುತ್ತಿದ್ದವಳು ಸೋಪಿನ ಕೈಯಲ್ಲೇ ಗೊಣಗುತ್ತ ನಡುಮನೆಗೆ ಬಂದು, ಹೊಸ್ತಿಲ ಮೇಲೆ ನಿಂತಳು. ನಾನು ರೆಕಾರ್ಡಿಂಗ್ ನಿಲ್ಲಿಸಿಬಿಟ್ಟೆ. ಪರದೆಯ ಮೇಲೆ ಆ ಫೈಲು ಎಷ್ಟು ಉದ್ದ ಇದೆ ಎಂದು ಕಾಣುತ್ತಿತ್ತು. ಮುಕ್ಕಾಲು ಗಂಟೆಗೂ ಹೆಚ್ಚು. ಬೆರಳಿನಿಂದ ಅಲ್ಲಲ್ಲಿ ಒತ್ತಿ ನೋಡಿದೆ. ಕೊನೆಯವರೆಗೂ ಮಾತಿತ್ತು, ಎಲ್ಲೂ ಕಡಿದಿರಲಿಲ್ಲ.

"ಸಿಕ್ತು ಕಣಮ್ಮ," ಎಂದೆ. ಅಮ್ಮ ನನ್ನ ಕಡೆ ನೋಡಲೇ ಇಲ್ಲ.

"ಏನ್ ಬೇಕಿತ್ರೀ?" ಎಂದು ಅಪ್ಪಾಜಿಯನ್ನು ಕೇಳಿದಳು.

ಅಪ್ಪಾಜಿ ಕೈಯಲ್ಲೇ ಲೋಟ ಎತ್ತಿ ಕುಡಿಯುವ ಹಾಗೆ ತೋರಿಸಿದರು. ಅಮ್ಮ ತಲೆಯಾಡಿಸಿ ಅಡುಗೆಮನೆಗೆ ಹೋದಳು. ಡಬ್ಬಿಯ ಮುಚ್ಚಳ ತೆಗೆದದ್ದು ಕೇಳಿತು, ಅದು ಕೆಳಗೆ ಬಿದ್ದದ್ದು ಕೇಳಿತು, ಆಮೇಲೆ ಅವಳು ಬಿಕ್ಕಿ ಬಿಕ್ಕಿ ಅತ್ತದ್ದು ಕೇಳಿತು. ನಾನು ಏಳಹೋದೆ. ಅಪ್ಪಾಜಿ ನನ್ನ ಭುಜ ಒತ್ತಿ ಕೂರಿಸಿ, ತಾವೇ ಎದ್ದು ಒಳಗೆ ಹೋದರು.

ಕಾಫಿ ಬರಲು ತುಂಬ ಹೊತ್ತು ಹಿಡಿಯಿತು.