ಸುಣ್ಣದ ಗೋಡೆಯ ಮೇಲೆ ಮತ್ತೆ ಅದೇ ಹೆಸರು

ಅಫಜಲಪುರದ ಬಜಾರದಲ್ಲಿ ಇನ್ನೂ ಒಂದು ಅಂಗಡಿಯೂ ಬಾಗಿಲು ತೆರೆದಿಲ್ಲ. ಹಿಟ್ಟಿನ ಗಿರಣಿಯ ಮುಂದೆ ಎಣ್ಣೆಯ ಖಾಲಿ ಡಬ್ಬಿಯೊಂದನ್ನು ಬೋರಲು ಹಾಕಿ, ಅದರ ಮೇಲೆ ನಿಂತು ಹುಲೆಪ್ಪ ಗೋಡೆ ಕೆರೆಯುತ್ತಿದ್ದಾರೆ. ಹಿಂದಿನ ದಿನ ಯಾರೋ ಬಳಿದು ಹೋದ ಸುಣ್ಣ ಪುಡಿಪುಡಿಯಾಗಿ ಅವರ ಮೀಸೆಯ ಮೇಲೆ ಬೀಳುತ್ತದೆ. ಸುಣ್ಣದ ಕೆಳಗಿನಿಂದ ಮೊದಲು ಒಂದು ಕೆಂಪು ಸೊನ್ನೆ, ಆಮೇಲೆ ಒಂದು ದೀರ್ಘ, ಕೊನೆಗೆ ಪೂರ್ತಿ ಹೆಸರು ಮಸುಕಾಗಿ ಹೊರಬರುತ್ತದೆ. ಗಂಗಾಬಾಯಿ ಹಿಟ್ಟಿನ ಗಿರಣಿ. ಹುಲೆಪ್ಪ ಚೀಲದಿಂದ ಕುಂಚ ತೆಗೆದು ಅದೇ ಅಕ್ಷರಗಳ ಮೇಲೆ ಮತ್ತೆ ಬಣ್ಣ ಎಳೆಯುತ್ತಾರೆ.

ಈ ಹೆಸರನ್ನು ಅವರು ಹೀಗೆ ಬರೆಯುತ್ತಿರುವುದು ಮೊದಲ ಸಲವಲ್ಲ. ಇವರು ಬರೆದಾಗಲೆಲ್ಲ ಬೇರೆಯವರು ಅಳಿಸುತ್ತಾರೆ. ಅಳಿಸಿದಾಗಲೆಲ್ಲ ಇವರು ಬರೆಯುತ್ತಾರೆ. ಅಳಿಸುವವರು ಯಾರೆಂದು ಬಜಾರಕ್ಕೆಲ್ಲ ಗೊತ್ತು, ಆದರೆ ಒಬ್ಬರ ಬಾಯಿಗೂ ನಾಲಿಗೆ ಇಲ್ಲ. ನನಗೆ ಸಿಟ್ಟು ಬಂದಿದೆ. ಅದನ್ನು ಮುಚ್ಚಿಟ್ಟುಕೊಂಡು ಈ ಲೇಖನ ಬರೆಯುವುದು ನನ್ನಿಂದಾಗದ ಕೆಲಸ.

ಹುಲೆಪ್ಪ ಜೇವರ್ಗಿ ತಾಲೂಕಿನ ಕೊಳಕೂರದವರು. ತಂದೆ ಊರ ಬಡಿಗ. ವರ್ಷವಿಡೀ ರೈತರ ಕೂರಿಗೆ, ಕುಂಟೆ ದುರಸ್ತಿ ಮಾಡಿಕೊಟ್ಟು, ಸುಗ್ಗಿ ಬಂದಾಗ ಕಣದಲ್ಲಿ ಜೋಳದ ಆಯ ಪಡೆಯುತ್ತಿದ್ದವರು. ಮಗನಿಗೆ ಉಳಿಗಿಂತ ಕುಂಚ ಹಿಡಿಸಿತು. ಗುಲಬರ್ಗಾದ ಟೂರಿಂಗ್ ಟಾಕೀಜಿನಲ್ಲಿ ಪೋಸ್ಟರಿಗೆ ಅಂಟು ಕಲಸುತ್ತ ಅಕ್ಷರ ಬರೆಯುವುದನ್ನು ಕಲಿತರು. ಊರಿಗೆ ಮರಳಿ ಅಂಗಡಿಗಳ ಬೋರ್ಡು ಬರೆಯಲು ನಿಂತಾಗ, ಅಪ್ಪನ ಪದ್ಧತಿಯನ್ನು ಮಾತ್ರ ಬಿಡಲಿಲ್ಲ. ಅಂಗಡಿಕಾರರಿಂದಲೂ ಆಯ ಕೇಳಿದರು. ಜೋಳವೋ ಬೆಲ್ಲವೋ ಅರಿವೆಯೋ, ಅಂಗಡಿಯಲ್ಲಿ ಏನಿದೆಯೋ ಅದು, ವರ್ಷಕ್ಕೊಮ್ಮೆ. ಅದಕ್ಕೆ ಬದಲಾಗಿ ಆ ಬೋರ್ಡಿನ ಕಾಳಜಿ ವರ್ಷಪೂರ್ತಿ ಅವರದು.

ಸೊಲ್ಲಾಪುರದಿಂದ ಬರುವ ದೊಡ್ಡ ಪೇಂಟರುಗಳ ರೀತಿ ಬೇರೆ. ಬಂದು ಬರೆದು, ಮೂಲೆಯಲ್ಲಿ ತಮ್ಮ ಸಹಿ ಹೊಡೆದು ಹೋದರೆಂದರೆ ಮತ್ತೆ ಈ ಕಡೆ ಮುಖ ಹಾಕುವುದಿಲ್ಲ. ನಮ್ಮ ಬಿಸಿಲಿಗೆ ಎರಡು ಬೇಸಿಗೆಯಲ್ಲಿ ನೀಲಿ ಬೂದಿಯಾಗುತ್ತದೆ, ಕೆಂಪು ಗುಲಾಬಿಯಾಗುತ್ತದೆ. ಆಗ ಆ ಸಹಿಯನ್ನು ಕರೆಯಲು ಯಾವ ಬಡ ಕಿರಾಣಿಯವನ ಕೈಲಾಗುತ್ತದೆ? ಹುಲೆಪ್ಪನನ್ನು ಕರೆಯುವುದೇ ಬೇಡ. ಜೇವರ್ಗಿ, ಯಡ್ರಾಮಿ, ಅಫಜಲಪುರ, ಆಳಂದ, ಗಡಿಯ ಖಜೂರಿಯವರೆಗೆ ಬಸ್ಸು ಹತ್ತಿ ಇಳಿದು ಅವರೇ ಬರುತ್ತಾರೆ. ಅಂಗಡಿ ತೆರೆಯುವ ಮೊದಲೇ ಬೋರ್ಡು ಒರೆಸಿ, ಮೊಳೆ ಬಿಗಿ ಮಾಡಿ, ಮಾಸಿದ್ದನ್ನು ತಿದ್ದಿ ಹೋಗುತ್ತಾರೆ. ಅಂಗಡಿಗೆ ಹೊಸ ಫೋನು ಬಂದರೆ ನಂಬರು ಸೇರಿಸುತ್ತಾರೆ. ಅಣ್ಣತಮ್ಮಂದಿರು ಬೇರೆಯಾದರೆ ಒಂದು ಹೆಸರು ತೆಗೆಯುತ್ತಾರೆ. ಖಜೂರಿಯ ಲಾರಿ ಢಾಬಾಗಳಿಗೆ ಮರಾಠಿ, ಆಳಂದದ ಅತ್ತರಿನ ಅಂಗಡಿಗೆ ಉರ್ದು. ಒಂದು ಬೋರ್ಡಿನ ಮೂಲೆಯಲ್ಲೂ ಹುಲೆಪ್ಪನ ಹೆಸರಿಲ್ಲ. ಯಾಕೆಂದು ಕೇಳಿದರೆ ನಕ್ಕುಬಿಡುತ್ತಾರೆ. "ಅಂಗಡಿ ಅವರದು, ನನ್ನ ಹೆಸರಿಗೇನ್ ಕೆಲಸ ಅದರಿ ಅಲ್ಲಿ?"

ಇಂಥ ಮನುಷ್ಯನಿಗೆ ಈ ಬಜಾರ ಮಾಡಿದ್ದೇನು, ಕೇಳಿ.

ಗಿರಣಿಯ ಯಜಮಾನ ದೌಲತರಾಯ ಎರಡು ವರ್ಷದ ಹಿಂದೆ ತೀರಿಕೊಂಡರು. ಹೆಂಡತಿ ಗಂಗಾಬಾಯಿ ಮನೆಯಲ್ಲಿ ಕೂರಲಿಲ್ಲ. ಮಷಿನ್ನಿಗೆ ಪಟ್ಟಾ ಏರಿಸುವುದು, ಬೀಸುವ ಕಲ್ಲಿಗೆ ಹಲ್ಲು ಹೊಡೆಯುವುದು ಎಲ್ಲವನ್ನೂ ಗಂಡನ ಜೊತೆ ನಿಂತು ಕಲಿತಿದ್ದ ಅವರು ಗಿರಣಿ ನಡೆಸತೊಡಗಿದರು. ಕಾಗದಪತ್ರವೂ ಅವರ ಹೆಸರಿಗೇ ಆಯಿತು. ಎಂದಿನಂತೆ ಬಂದ ಹುಲೆಪ್ಪ, ಬೋರ್ಡಿನ ಮೇಲೆ ಯಾರ ಹೆಸರು ಇರಬೇಕೆಂದು ಕೇಳಿದರು. ಗಂಗಾಬಾಯಿ, ನಡೆಸುವವಳು ನಾನು, ನನ್ನದೇ ಬರೀರಿ ಎಂದರಂತೆ. ಹುಲೆಪ್ಪ ಬರೆದರು. ಆ ಸಾಲಿನಲ್ಲಿ ಅದಕ್ಕೆ ಮೊದಲು ಹೆಂಗಸಿನ ಹೆಸರಿನ ಅಂಗಡಿ ಇರಲಿಲ್ಲ.

ಮೈದುನ ಅಣ್ಣಾರಾಯನಿಗೆ ಇದು ಕಣ್ಣಲ್ಲಿ ಕಸ ಬಿದ್ದಂತಾಯಿತು. ಬಜಾರದಲ್ಲಿ ಸಾಬೂನಿನ ಏಜೆನ್ಸಿ ಇಟ್ಟಿರುವ ಅವರು, ಕಂಪನಿಯಿಂದ ಪುಕ್ಕಟೆ ಸಿಕ್ಕ ತಗಡಿನ ಬೋರ್ಡೊಂದನ್ನು ತಂದು ಆ ಹಲಗೆಯ ಮೇಲೆಯೇ ಬಡಿದರು. ಮುಕ್ಕಾಲು ಭಾಗ ಸಾಬೂನು, ಕೆಳಗೆ 'ಅಣ್ಣಾರಾಯ ಹಿಟ್ಟಿನ ಗಿರಣಿ'. ಗಿರಣಿಗೂ ಸಾಬೂನಿಗೂ ಏನು ಸಂಬಂಧವೋ ದೇವರೇ ಬಲ್ಲ. ಆದರೆ ಮಾಲು ಕೊಡುವವರು, ಲೈಟ್ ಬಿಲ್ಲಿನವರು, ಹೊಸ ಗಿರಾಕಿಗಳು ಎಲ್ಲರೂ ಅಣ್ಣಾರಾಯರನ್ನು ಹುಡುಕಿಕೊಂಡು ಹೋಗತೊಡಗಿದರು. ಬೋರ್ಡು ಹೀಗೇ ನಾಲ್ಕು ವರ್ಷ ನಿಂತರೆ ಗಿರಣಿ ಯಾರದೆಂದು ಊರೇ ಮರೆಯುತ್ತದೆ. ಅದೇ ಲೆಕ್ಕಾಚಾರ.

ಕಂಪನಿಯ ತಗಡನ್ನು ಮುಟ್ಟಿದರೆ ಕೇಸು ಹಾಕುತ್ತೇನೆಂದು ಅಣ್ಣಾರಾಯ ಹೆದರಿಸಿದರು. ಹುಲೆಪ್ಪ ಮುಟ್ಟಲಿಲ್ಲ. ಬಾಗಿಲ ಪಕ್ಕದ ಗೋಡೆಯ ಮೇಲೆ, ತಗಡಿಗಿಂತ ದೊಡ್ಡ ಅಕ್ಷರದಲ್ಲಿ, ಗಂಗಾಬಾಯಿಯ ಹೆಸರು ಬರೆದರು.

ದಸರೆಯ ಮರುವಾರ ಧಾನ್ಯದ ದಲಾಲಿ ನಡೆಸುವ ಅಡತಿ ಅಂಗಡಿಯೊಂದರಲ್ಲಿ ಬಜಾರದ ಹಿರಿಯರು ಪಂಚಾಯಿತಿ ಸೇರಿದರು. ಹುಲೆಪ್ಪನನ್ನು ಹೊರಗೆ ಬಿಸಿಲಲ್ಲಿ ಕೂರಿಸಿದರು. ಗಂಡ ಸತ್ತವಳ ಹೆಸರು ಮುಂಜಾನೆ ಎದ್ದು ಯಾರು ನೋಡಬೇಕು, ಮನೆತನದಲ್ಲಿ ಗಂಡಸರಿಲ್ಲವೇನು ಎಂಬ ಮಾತುಗಳು ನಡೆದವು. ಕೊನೆಗೆ ತೀರ್ಪು ಬಂತು. ಹುಲೆಪ್ಪ ತನ್ನ ಕೈಯಾರೆ ಆ ಗೋಡೆಗೆ ಸುಣ್ಣ ಹಚ್ಚಬೇಕು, ಇಲ್ಲವಾದರೆ ಬಜಾರದ ಒಂದು ಅಂಗಡಿಯ ಆಯವೂ ಅವನಿಗಿಲ್ಲ. ಈ ಹಿರಿಯರು ಯಾರು? ಸೋಮವಾರ ಸೋಮವಾರ ವಿಭೂತಿ ಧರಿಸಿ ಶರಣರ ಮಾತು ಹೇಳುವವರು. ಕಾಯಕವೇ ಕೈಲಾಸವೆಂದು ಭಾಷಣ ಬಿಗಿಯುವವರು. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ!

ಹುಲೆಪ್ಪ ಒಪ್ಪಲಿಲ್ಲ. ಈ ಸುಗ್ಗಿಯಲ್ಲಿ ಗಂಗಾಬಾಯಿಯ ಗಿರಣಿಯೊಂದನ್ನು ಬಿಟ್ಟರೆ ಅಫಜಲಪುರದಿಂದ ಅವರಿಗೆ ಒಂದು ಕಾಳು ಜೋಳ ಬರಲಿಲ್ಲ. ಮಗ ಹುಟ್ಟಿದಾಗ, ಮೊಮ್ಮಗ ಹುಟ್ಟಿದಾಗ ಯಾರ ಯಾರ ಬೋರ್ಡಿಗೆ ಹೆಸರು ಸೇರಿಸಿಕೊಟ್ಟಿದ್ದರೋ ಅವರೆಲ್ಲ ಈಗ ಎದುರಿಗೆ ಬಂದರೆ ತಕ್ಕಡಿ ನೋಡುತ್ತಾರೆ. ಹುಲೆಪ್ಪ ಇಲ್ಲಿ ಇಟ್ಟಿದ್ದ ನಿಚ್ಚಣಿಕೆಯನ್ನೂ ಅಡತಿಯವರು ಒಳಗೆ ಹಾಕಿ ಕೀಲಿ ಜಡಿದಿದ್ದಾರೆ. ಡಬ್ಬಿಯ ಮೇಲೆ ನಿಂತು ಬರೆಯುವುದು ಅದಕ್ಕೇ. ಮೊದಲೊಮ್ಮೆ ಬಿದ್ದು ಸೊಟ್ಟಗಾದ ಎಡಗೈಯಿಂದಲೇ ಗೋಡೆ ಹಿಡಿಯುತ್ತಾರೆ. ಕೊಳಕೂರದಲ್ಲಿ ಹೆಂಡತಿ ಹೀರಾಬಾಯಿ ಕೂಲಿಗೆ ಹೋಗತೊಡಗಿದ್ದಾರೆ. ನಾಲ್ಕು ಅಕ್ಷರಕ್ಕೋಸ್ಕರ ಒಂದು ಬಜಾರ ಕಳೆದುಕೊಂಡಿರಲ್ಲ ಎಂದು ಅವರು ಬೈಯುತ್ತಾರಂತೆ. ಬೈದು, ಮುಂಜಾನೆ ಬುತ್ತಿಯನ್ನೂ ಕಟ್ಟುತ್ತಾರಂತೆ.

ಈ ಹೊತ್ತಿಗೆ ಗಂಗಾಬಾಯಿ ಬಂದು ಬಾಗಿಲು ತೆಗೆಯುತ್ತಾರೆ. ಹೊಸ ಬಣ್ಣ ನೋಡಿ ಅವರ ಮುಖದಲ್ಲಿ ಸಂತೋಷಕ್ಕಿಂತ ಕಳವಳವೇ ಹೆಚ್ಚು. "ಹುಲೆಪ್ಪಣ್ಣ, ಬಿಟ್ಟಬಿಡ್ರಿ ಇನ್ನ. ನನ್ನ ಸಲುವಾಗಿ ನಿಮ್ಮ ಮಕ್ಕಳು ಉಪವಾಸ ಬೀಳೋದು ಬ್ಯಾಡ," ಎನ್ನುತ್ತಾರೆ. ಹುಲೆಪ್ಪ ಕುಂಚ ನಿಲ್ಲಿಸದೆ ಹೇಳುತ್ತಾರೆ: "ಸುಗ್ಗ್ಯಾಗ ನೀವು ಆಯ ಕೊಟ್ಟೀರಿ ಗಂಗಕ್ಕ, ನಾ ತಗೊಂಡೇನಿ. ವರ್ಷ ಇನ್ನೂ ಮುಗಿದಿಲ್ಲ."

ಅಷ್ಟರಲ್ಲಿ ಅಣ್ಣಾರಾಯರೇ ಬರುತ್ತಾರೆ. ಹಸಿ ಅಕ್ಷರಗಳನ್ನು ನೋಡುತ್ತಾರೆ, ನನ್ನ ಕೈಯ ಪೆನ್ನನ್ನೂ ನೋಡುತ್ತಾರೆ. "ಎಷ್ಟ ಸಲ ಬರೀತಿ ಲೇ? ಊರಾಗ ಸುಣ್ಣಕ್ಕ ಬರ ಇಲ್ಲ." ಹುಲೆಪ್ಪ ಡಬ್ಬಿಯಿಂದ ಇಳಿದು ನಿಂತು ಮರ್ಯಾದೆಯಿಂದಲೇ ಉತ್ತರಿಸುತ್ತಾರೆ. "ನೀವು ಅಳಸ್ರಿ ಸಾವಕಾರ್ರ, ನಾ ಮತ್ತ ಬರ್ತೇನಿ." ಅಣ್ಣಾರಾಯ ಉಗುಳಿ ನಡೆಯುತ್ತಾರೆ. ಜೋಳದ ಬುಟ್ಟಿ ಹೊತ್ತು ಬಂದ ನಾಲ್ಕಾರು ಹೆಂಗಸರು ಹಸಿ ಗೋಡೆಗೆ ತಾಗದಂತೆ ಸೆರಗು ಎಳೆದುಕೊಂಡು ಸಾಲು ನಿಲ್ಲುತ್ತಾರೆ. ಗಿರಣಿ ಶುರುವಾಗುತ್ತದೆ.

ಬಸ್ಸಿನ ದಾರಿಯಲ್ಲಿ ನಡೆಯುತ್ತ ನಾನು ಕೇಳುತ್ತೇನೆ, ಇಷ್ಟಾದ ಮೇಲೆ ನಿಮಗೆ ಏನಾದರೂ ಆಸೆ ಉಂಟೇ ಎಂದು. ಪ್ರಶಸ್ತಿ, ಪಿಂಚಣಿ, ಕೊನೆಗೆ ಆ ನಿಚ್ಚಣಿಕೆಯನ್ನಾದರೂ ಕೇಳಬಹುದು ಎಂದುಕೊಂಡಿದ್ದೆ. ಅವರು ಕುಂಚದ ಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಳ್ಳುತ್ತಾರೆ.

"ಒಂದ ಅದರಿ. ಎಲ್ಲಾರ ಹೆಸರೂ ಬಿಸಲಿಗಿ ಮಾಸ್ತಾವ. ಆಕಿ ಹೆಸರೂ ಒಮ್ಮಿ ಬರೇ ಬಿಸಲಿಗೇ ಮಾಸಬೇಕ್ರಿ."